ಲಾಗ್‌ನಾಗ ಒಂದ ಸಾಲೂ ಇಲ್ಲ, ಬೋರ್ಡ್ ಮಾತ್ರ ರೀಬೂಟ್: ಬ್ಯಾಡಗಿ ಸಾರ್ಟರ್ ಡ್ರೈವರ್ ಬಗ್ಗೆ ಸಲಹಾ ಬೇಕಾಗಿತ್ತು

ಗೋಕುಲರೋಡ್_ಬೆಂಚ್

ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಾಗ ನಮ್ದು ಸಣ್ಣ ಕಂಪನಿ. ಮೆಣಸಿನಕಾಯಿ ಬಣ್ಣ ನೋಡಿ ಬ್ಯಾರೆ ಮಾಡೋ ಸಾರ್ಟರ್‌ಗೆ ಕಂಟ್ರೋಲ್ ಬೋರ್ಡ್ ಮಾಡ್ತೀವಿ. ನಾಲ್ಕು ಕೋರಿನ ಕಾರ್ಟೆಕ್ಸ್-ಎ9 ಚಿಪ್ಪು, ಅದರ ಹೊರಗಿನ ಮೆಮೊರಿ ಬಸ್ ಮ್ಯಾಲೆ ಒಂದು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟ್ ನಮಗ ಬೇಕಾದಂಗ ತುಂಬೋ ಚಿಪ್ಪು). ಕ್ಯಾಮೆರಾ, ಬೆಲ್ಟಿನ ಎನ್‌ಕೋಡರ್, ಗಾಳಿ ಊದೋ ವಾಲ್ವ್ ಎಲ್ಲಾ ಎಫ್‌ಪಿಜಿಎ ಕೈಯಾಗ. ಅದರ ಲಿನಕ್ಸ್ ಡ್ರೈವರ್ ಮೊದಲ ಹೊರಗಿನವರು ಬರದಿದ್ರು, ಈಗ ನಾ ನೋಡ್ಕೊಳ್ತೇನಿ.

ಮಶೀನು ಬ್ಯಾಡಗಿಯೊಳಗ ನಡಕೋತ ಇದ್ದದ್ದು ಒಮ್ಮಿಂದೊಮ್ಮೆಲೆ ನಿಲ್ತದ. ಸ್ಕ್ರೀನು ಇದ್ದಲ್ಲೇ ಗಟ್ಟಿ ಆಗ್ತದ, ಹತ್ತು ಸೆಕೆಂಡಿಗೆ ವಾಚ್‌ಡಾಗ್ (ಸಿಸ್ಟಮ್ ಸುಮ್ಮನಾದ್ರ ರೀಸೆಟ್ ಮಾಡೋ ಟೈಮರ್) ಹೊಡದು ಬೋರ್ಡ್ ಹೊಳ್ಳಿ ಬೂಟ್ ಆಗ್ತದ. ಲಾಗ್ ಫೈಲ್ ತಗದು ನೋಡಿದ್ರ ಯಾವಾಗಲೂ ಬರೋ ಸಾಲುಗಳು, ಅದರ ಬೆನ್ನಿಗೇ ಹೊಸಾ ಬೂಟಿನ ಸಾಲು. ಊಪ್ಸ್ ಇಲ್ಲ, ಪ್ಯಾನಿಕ್ ಇಲ್ಲ, ಅಂದ್ರ ಕರ್ನೆಲ್ ಕೆಟ್ಟಾಗ ಬರಿಯೋ ಸಂದೇಶ ಯಾವುದೂ ಇಲ್ಲ. ನಮ್ಮ ಬೆಂಚ್ ಮ್ಯಾಲೆ ಹಗಲೂ ರಾತ್ರಿ ಓಡಿಸಿದ್ರೂ ಏನೂ ಆಗೂದಿಲ್ಲ. ಸೋಮವಾರ, ಗುರುವಾರ ಪೇಟೆ ದಿನ ಡಬ್ಬಿ, ಕಡ್ಡಿ ಎರಡೂ ಜಾತಿ ಮೆಣಸಿನಕಾಯಿ ಮಾಲು ರಾಶಿ ಬಂದು ಬೀಳ್ತಾವ. ಅವತ್ತ ಮಶೀನ್ ನಿಂತ್ರ ಹಮಾಲರಿಂದ ಹಿಡದು ಮಾಲೀಕರ ತನಕ ಎಲ್ಲಾರ ಕೆಲಸಾನೂ ನಿಲ್ತದ. ಅಲ್ಲಿಯವರು ಧೂಳು, ಬಿಸಿಲು ಅಂತಾರ. ನನಗ ಡ್ರೈವರ್ ಮ್ಯಾಲೇ ಸಂಶಯ. ಎಲ್ಲಿಂದ ಹಿಡೀಲಿ?

ಸಾಧನಕೇರಿ

ಡ್ರೈವರ್ ಅನ್ನೂಕಿಂತ ಮೊದಲ ಪವರ್ ನೋಡ್ರಿ. ವಾಲ್ವ್ ಸಾಲು ಒಮ್ಮೆಗೇ ಹಾರಿದಾಗ ಸಪ್ಲೈ ಎಷ್ಟು ಕುಸೀತದ ಅಂತ ಆಸಿಲೋಸ್ಕೋಪ್ ಹಚ್ಚಿ ನೋಡೀರೇನು? ಮಲ್ಟಿಮೀಟರ್ ತೋರಿಸೂದಿಲ್ಲ ಅದು. 3.3 ವೋಲ್ಟ್ ಲೈನು ಕೆಲವು ಮೈಕ್ರೋಸೆಕೆಂಡ್ ಬಿದ್ದು ಎದ್ರೂ ಮೀಟರ್ 3.3 ಅಂತಲೇ ಹೇಳ್ತದ. ಸ್ಕೋಪನ್ನ 3.0ಕ್ಕ ಫಾಲಿಂಗ್ ಎಡ್ಜ್ ಟ್ರಿಗರ್ ಇಟ್ಟು ಸಿಂಗಲ್ ಶಾಟ್‌ನಾಗ ಬಿಡ್ರಿ, ಗ್ರೌಂಡ್ ಸ್ಪ್ರಿಂಗ್ ಚಿಪ್ಪಿನ ಹತ್ರಾನೇ ಹಿಡೀರಿ, ಉದ್ದ ಕ್ಲಿಪ್ ವೈರ್ ಬ್ಯಾಡ.

ಇನ್ನೊಂದು. ಬಹಳಷ್ಟು ಚಿಪ್ಪಿನೊಳಗ ರೀಸೆಟ್ ಯಾಕಾತು ಅಂತ ಬರದಿಡೋ ರಿಜಿಸ್ಟರ್ ಇರ್ತದ, ಬಹಳ ಸಲ ಬೂಟ್‌ಲೋಡರ್ ಅದನ್ನ ಮೊದಲಿನ ಸಾಲುಗಳಾಗ ಪ್ರಿಂಟ್ ಮಾಡ್ತದ. ಪವರ್-ಆನ್ ಅಂತ ಬಂದದೋ, ವಾಚ್‌ಡಾಗ್ ಅಂತ ಬಂದದೋ? ಅದನ್ನ ಮೊದಲ ಹೇಳ್ರಿ.

ಗೋಕುಲರೋಡ್_ಬೆಂಚ್

ವಾಚ್‌ಡಾಗ್ ಅಂತ ಬಂದದ್ರಿ. ಪ್ರತಿ ಸಲಾನೂ ಅದೇ.

ಸಾಧನಕೇರಿ

ಹಂಗಂದ್ರ ಒಂದು ಸ್ಕೀಮ್ಯಾಟಿಕ್ ನೋಡ್ರಿ: ವಾಚ್‌ಡಾಗ್ ಪಿನ್ನು ಪವರ್ ಮ್ಯಾನೇಜ್‌ಮೆಂಟ್ ಚಿಪ್ಪಿಗೆ ಹೋಗೇದೇನು? ಹೋಗಿದ್ರ ವಾಚ್‌ಡಾಗ್ ಹೊಡದಾಗ ಇಡೀ ಸಪ್ಲೈ ಆಫ್ ಆಗಿ ಆನ್ ಆಗ್ತದ, ರಿಜಿಸ್ಟರ್ ಪವರ್-ಆನ್ ಅಂತಲೇ ತೋರಿಸ್ತದ. ಅಂಥಾ ಬೋರ್ಡಿನ್ಯಾಗ ಹ್ಯಾಂಗ್ ಆದದ್ದನ್ನ ಕರೆಂಟಿನ ತಪ್ಪು ಅಂತ ತಿಳಕೊಂಡು ಮಂದಿ ಕೆಪ್ಯಾಸಿಟರ್ ಮ್ಯಾಲೆ ಕೆಪ್ಯಾಸಿಟರ್ ಹಾಕ್ತಾರ. ನಿಮಗ ವಾಚ್‌ಡಾಗ್ ಅಂತ ಬಂದದ ಅಂದ್ರ ಆ ಪಿನ್ ಜೋಡಿಸಿರಲಿಕ್ಕಿಲ್ಲ. ಪವರ್ ಪೂರ್ತಿ ಹೋಗಿ ಬಂದಿಲ್ಲ ಅಂತೂ ಆತು.

ಉಣಕಲ್_ಕೆರೆ

ಸಾಧನಕೇರಿಯವರು ಕೇಳಿದ ಪ್ರಶ್ನೆ ಸರಿಯಾದದ್ದು. ಅದಕ್ಕೆ ಒಂದು ಮಾತು ಸೇರಿಸ್ತೇನೆ: ಎಷ್ಟೋ ಚಿಪ್ಪುಗಳಲ್ಲಿ ಲಿನಕ್ಸ್ ತಾನೇ ರೀಬೂಟ್ ಆಗುವಾಗಲೂ ವಾಚ್‌ಡಾಗ್ ಮೂಲಕವೇ ಆಗೋದು. ಹಾಗಾಗಿ ಪ್ಯಾನಿಕ್ ಆಗಿ ರೀಬೂಟ್ ಆದರೂ ಆ ರಿಜಿಸ್ಟರ್ ವಾಚ್‌ಡಾಗ್ ಅಂತಲೇ ಹೇಳಬಹುದು. ಅದೊಂದನ್ನೇ ನಂಬಿ ಮುಂದೆ ಹೋಗಬೇಡಿ.

ಲಾಗ್ ಫೈಲ್ ಖಾಲಿ ಇದೆ ಅಂದ ಮಾತ್ರಕ್ಕೆ ಕರ್ನೆಲ್ ಏನೂ ಹೇಳಲಿಲ್ಲ ಅಂತಲೂ ಅಲ್ಲ. ಪ್ರಿಂಟ್-ಕೆ (ಕರ್ನೆಲ್ ಸಂದೇಶ ಬರೆಯೋ ಫಂಕ್ಷನ್) ಬರೆದದ್ದು ಮೊದಲು ಮೆಮೊರಿಯ ರಿಂಗ್ ಬಫರಿಗೆ ಬೀಳ್ತದೆ. ಅಲ್ಲಿಂದ ಲಾಗ್ ಡೀಮನ್ ಎದ್ದು ಓದಬೇಕು, ಫೈಲಿಗೆ ಬರೀಬೇಕು, ಅದು ಪೇಜ್ ಕ್ಯಾಶ್‌ನಿಂದ ಫ್ಲ್ಯಾಶಿಗೆ ಇಳೀಬೇಕು. ಸಿಸ್ಟಮ್ ಸಾಯೋ ಹೊತ್ತಿಗೆ ಇದ್ಯಾವುದೂ ನಡೆಯೋದಿಲ್ಲ. ಅತಿ ಮುಖ್ಯವಾದ ಕೊನೆಯ ಸಾಲುಗಳೇ ಕಳೆದುಹೋಗೋದು ಹೀಗೆ.

ನನ್ನ ಅನುಭವದಲ್ಲಿ ಈ ಮೌನ ಒಂದೇ ಥರದ್ದಲ್ಲ. ಕರ್ನೆಲ್ ಮಾತಾಡಿತು, ಕೇಳೋರು ಇರಲಿಲ್ಲ, ಅದು ಒಂದು ಥರ: ಪ್ರಾಡಕ್ಟ್ ಇಮೇಜಿನಲ್ಲಿ ಸೀರಿಯಲ್ ಕನ್ಸೋಲ್ ತೆಗೆದಿರ್ತಾರೆ, ಕಮಾಂಡ್ ಲೈನಿನಲ್ಲಿ ಕ್ವಾಯೆಟ್ ಹಾಕಿರ್ತಾರೆ, ಪ್ಯಾನಿಕ್ ಆದ ತಕ್ಷಣ ರೀಬೂಟ್ ಅಂತ ಇಟ್ಟಿರ್ತಾರೆ. ಇಂಟರಪ್ಟ್ (ಹಾರ್ಡ್‌ವೇರ್ ಸಿಪಿಯುವನ್ನ ಕರೆಯೋ ಸಂಕೇತ) ಬಂದ್ ಮಾಡಿಕೊಂಡು ಲಾಕಿಗೆ ಕಾಯ್ತಾ ಕೂತ ಕೋರ್, ಅಥವಾ ಮುಗಿಯದ ಇಂಟರಪ್ಟ್ ಸುರಿಮಳೆ, ಅದು ಇನ್ನೊಂದು. ಅಲ್ಲಿ ಸಿಪಿಯು ಓಡ್ತಾ ಇದೆ, ಆದರೆ ಮಾತಾಡೋಕೆ ಬಿಡುವಿಲ್ಲ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಸಿಪಿಯು ಒಂದು ರಿಜಿಸ್ಟರ್ ಓದೋಕೆ ಹೋಗಿದೆ, ಬಸ್ಸಿನಿಂದ ಉತ್ತರವೇ ಬಂದಿಲ್ಲ. ಫೋನ್ ಹಚ್ಚಿದಾಗ ಆ ಕಡೆ ಎತ್ತೋದೂ ಇಲ್ಲ, ಕಟ್ ಮಾಡೋದೂ ಇಲ್ಲ, ಹಾಗೆ. ಆ ಲೋಡ್ ಇನ್‌ಸ್ಟ್ರಕ್ಷನ್ ಮುಗಿಯೋವರೆಗೂ ಆ ಕೋರು ಇಂಟರಪ್ಟನ್ನೂ ತಗೊಳ್ಳೋದಿಲ್ಲ. ನಿಮ್ಮದು ಯಾವ ಥರ ಅಂತ ಗೊತ್ತಾಗೋವರೆಗೂ ಡ್ರೈವರ್ ಕೋಡಿಗೆ ಕೈ ಹಚ್ಚಬೇಡಿ. ಒಂದು ಸಾಲು ಬದಲಿಸಿದರೂ ಟೈಮಿಂಗ್ ಸರಿದು ತೊಂದರೆ ಅಡಗಿಕೊಳ್ತದೆ, ಸರಿಹೋಯ್ತು ಅಂತ ಮಶೀನ್ ಕಳಿಸ್ತೀರಿ, ಸೀಸನ್ ನಡುವೆ ಮತ್ತೆ ನಿಲ್ತದೆ.

ಈಗ ಮಾಡಬೇಕಾದದ್ದು: ಪಿ-ಸ್ಟೋರ್ ಮತ್ತು ರಾಮ್-ಊಪ್ಸ್ ಹಚ್ಚಿ, ಕೊನೆಯ ಸಂದೇಶಗಳನ್ನ ರ್‍ಯಾಮ್‌ನಲ್ಲಿ ಉಳಿಸೋ ಕರ್ನೆಲ್ ಸೌಲಭ್ಯ ಅವು. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರದ ಫೈಲು) ಒಂದು ಎಂಬಿ ರ್‍ಯಾಮ್ ಮೀಸಲಿಟ್ಟು, ಅದರಲ್ಲಿ ಕನ್ಸೋಲ್ ಲಾಗಿಗೂ ಜಾಗ ಕೊಡಿ. ವಾರ್ಮ್ ರೀಸೆಟ್ ಆದಾಗ ಡಿಡಿಆರ್‌ನಲ್ಲಿದ್ದದ್ದು ಸಾಮಾನ್ಯವಾಗಿ ಉಳಿದಿರ್ತದೆ, ಮುಂದಿನ ಬೂಟಿನಲ್ಲಿ ಪಿ-ಸ್ಟೋರ್ ಡೈರೆಕ್ಟರಿಯಲ್ಲಿ ಫೈಲಾಗಿ ಸಿಗ್ತದೆ. ಬೂಟ್‌ಲೋಡರ್ ಆ ಜಾಗ ತುಳೀಬಾರದು, ಅದನ್ನ ನೋಡ್ಕೊಳ್ಳಿ. ಹಚ್ಚಿದ ಮೇಲೆ ನೀವಾಗಿಯೇ ಒಂದು ಸಲ ಸಿಸ್ಟಮ್ ಕೆಡವಿ: ಸಿಸ್-ಆರ್‌ಕ್ಯೂ ಟ್ರಿಗರ್ ಫೈಲಿಗೆ ಸಿ ಅಕ್ಷರ ಬರೆದರೆ ಪ್ಯಾನಿಕ್ ಆಗ್ತದೆ. ಆ ಪ್ಯಾನಿಕ್ ಪೂರ್ತಿ ಸಿಕ್ಕರೆ ನಿಮ್ಮ ಕಿವಿ ಸರಿ ಇದೆ ಅಂತ. ಆಮೇಲೆ ಬ್ಯಾಡಗಿಯಲ್ಲಿ ನಿಂತಾಗ ಏನೂ ಸಿಗದಿದ್ದರೆ ಆ ಖಾಲಿತನವೇ ಸಾಕ್ಷಿ, ಮೊದಲನೇ ಥರ ಹೊರಗೆ ಹೋಯ್ತು.

ಬೆಟಗೇರಿ_ಹುಡುಗ

ಗದಗ ಕಡೆ ಗಾಳಿಯಂತ್ರದ ಮಾನಿಟರಿಂಗ್ ಬೋರ್ಡ್ ನೋಡ್ಕೋತೀನಿ. ನೆಟ್‌ಕನ್ಸೋಲ್ ಹಚ್ಚಿದ್ರ ಛಲೋ ಅಲ್ರೀ? ಕರ್ನೆಲ್ ಸಂದೇಶ ಎಲ್ಲಾ ಯುಡಿಪಿ ಮ್ಯಾಲೆ ಬ್ಯಾರೆ ಕಂಪ್ಯೂಟರಿಗೆ ಬರ್ತೈತಿ. ನಾವು ಟವರ್ ಹತ್ತಿ ಇಳಿಯೋದು ತಪ್ಪಿದ್ದು ಅದರಿಂದನ.

ಉಣಕಲ್_ಕೆರೆ

ಊಪ್ಸ್ ಆಗೋ ಕಡೆ ಚೆನ್ನಾಗಿ ಕೆಲಸ ಮಾಡ್ತದೆ. ಆದರೆ ನೆಟ್‌ವರ್ಕ್ ಡ್ರೈವರ್ ಬದುಕಿರಬೇಕು. ಸೀರಿಯಲ್ ಕನ್ಸೋಲ್ ಪೋಲಿಂಗ್ ಮಾಡಿ ಒಂದೊಂದೇ ಅಕ್ಷರ ತಳ್ತದೆ, ಇಂಟರಪ್ಟೂ ಬೇಕಿಲ್ಲ, ಅದಕ್ಕೇ ಕೊನೇ ಗಳಿಗೆಗೆ ಅದೇ ಹೆಚ್ಚು ನಂಬಿಕೆಯದ್ದು. 1,15,200 ಬಾಡ್‌ನಲ್ಲಿ ಸೆಕೆಂಡಿಗೆ 11,520 ಅಕ್ಷರ, ಅಂದರೆ 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಪ್ರಿಂಟ್ ಹಾಕೋರು ಈ ಲೆಕ್ಕ ನೆನಪಿಡಬೇಕು. ಅಲ್ಲಿ ಟ್ರೇಸ್-ಪ್ರಿಂಟ್-ಕೆ ಬಳಸಿ, ಅದು ಕನ್ಸೋಲಿಗೆ ಹೋಗದೇ ಮೆಮೊರಿಗಷ್ಟೇ ಬರೀತದೆ.

ರಾಣೇಬೆನ್ನೂರ_ಕಡೆಯವ

ನಾನು ವಿಂಡೋಸ್ ಡ್ರೈವರ್ ಬರೆಯೋನು, ಅಲ್ಲೂ ಇದೇ ಕಥೆ. ನೀಲಿ ಪರದೆ ಬಂದಿರ್ತದೆ, ಆಟೋಮ್ಯಾಟಿಕ್ ರೀಸ್ಟಾರ್ಟ್ ಆನ್ ಇರೋದರಿಂದ ಯಾರೂ ನೋಡಿರೋದಿಲ್ಲ. ಡಂಪ್ ಬರೀಲಿಕ್ಕೆ ಪೇಜ್ ಫೈಲ್ ಬೇಕು, ಜಾಗ ಉಳಿಸ್ತೀವಿ ಅಂತ ಅದನ್ನ ತೆಗೆದುಬಿಟ್ಟಿರ್ತಾರೆ. ಅವೆರಡು ಸರಿ ಮಾಡಿ, ನಿಮ್ಮ ಡ್ರೈವರ್ ಮೇಲೆ ಮಾತ್ರ ಡ್ರೈವರ್ ವೆರಿಫೈಯರ್ (ಡ್ರೈವರಿನ ತಪ್ಪು ಹಿಡಿಯೋ ವಿಂಡೋಸ್ ಟೂಲ್) ಹಚ್ಚಿದರೆ ಅರ್ಧ ಕೇಸು ಅಲ್ಲೇ ಬಯಲಾಗ್ತಾವೆ. ಲಿನಕ್ಸಿನಲ್ಲಿ ಅದಕ್ಕೆ ಸಮನಾದದ್ದು ಏನಿದೆ?

ಉಣಕಲ್_ಕೆರೆ

ಒಂದೇ ಗುಂಡಿ ಇಲ್ಲ. ಲಾಕ್ ಕ್ರಮ ತಪ್ಪಿದ್ದು ಹಿಡಿಯೋಕೆ ಲಾಕ್‌ಡೆಪ್, ಬಿಟ್ಟ ಮೆಮೊರಿ ಮುಟ್ಟಿದ್ದಕ್ಕೆ ಕೆ-ಅಸಾನ್, ಅಟಾಮಿಕ್ ಜಾಗದಲ್ಲಿ (ಕೋಡ್ ಕಾದು ಮಲಗಬಾರದ ಕಡೆ) ಮಲಗಿದ್ದಕ್ಕೆ ಡೀಬಗ್ ಅಟಾಮಿಕ್ ಸ್ಲೀಪ್, ಡಿಎಂಎ (ಹಾರ್ಡ್‌ವೇರ್ ನೇರವಾಗಿ ಮೆಮೊರಿ ಓದಿ ಬರೆಯೋದು) ತಪ್ಪಿಗೆ ಡಿಎಂಎ ಎಪಿಐ ಡೀಬಗ್. ಕೆ-ಅಸಾನ್‌ಗೆ ಒಂದು ಮಿತಿ ಇದೆ: ಸಿಪಿಯು ಮಾಡಿದ ತಪ್ಪು ಮಾತ್ರ ಅದಕ್ಕೆ ಕಾಣ್ತದೆ. ಬಫರ್ ಬಿಟ್ಟ ಮೇಲೂ ಹಾರ್ಡ್‌ವೇರ್ ಡಿಎಂಎ ಬರೀತಾ ಇದ್ದರೆ ಅದಕ್ಕೆ ಗೊತ್ತೇ ಆಗೋದಿಲ್ಲ. ಅದನ್ನ ಐಒಎಂಎಂಯು (ಡಿವೈಸ್ ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯೋ ಹಾರ್ಡ್‌ವೇರ್) ಇದ್ದರೆ ಮಾತ್ರ ತಡೀಬಹುದು.

ಗೋಕುಲರೋಡ್_ಬೆಂಚ್

ರಾಮ್-ಊಪ್ಸ್ ಹಚ್ಚಿದೆ. ಬೇಕಂತ ಕೆಡವಿದ ಪ್ಯಾನಿಕ್ ಪೂರ್ತಿ ಸಿಕ್ತು, ಸ್ಟ್ಯಾಕ್ ಸಮೇತ. ಆಮ್ಯಾಲೆ ಮಶೀನ್ ಬ್ಯಾಡಗಿಯೊಳಗ ಖರೇನ ನಿಂತಾಗ ಪಿ-ಸ್ಟೋರ್‌ನಾಗ ಕನ್ಸೋಲ್ ಲಾಗ್ ಅಷ್ಟೇ ಇತ್ತು. ಅದರಾಗೂ ಏನೂ ವಿಶೇಷ ಇಲ್ಲ. ಪ್ಯಾನಿಕ್ ಆಗೇ ಇಲ್ಲ.

ಆಸಿಲೋಸ್ಕೋಪೂ ಹಚ್ಚಿದ್ದೆ, ಸಾಧನಕೇರಿಯವರು ಹೇಳಿದಂಗ. ನಿಂತಾಗ ಟ್ರಿಗರ್ ಆಗ್ಲಿಲ್ಲ.

ಅಲ್ಲಿ ನಿಂತು ನೋಡಿದಾಗ ಒಂದು ಕಂಡದ್ದು ಹೇಳ್ಬೇಕು. ಮಾಲು ಜೋರಾಗಿ ಹರಿಯೂವಾಗ ಎಂದೂ ನಿಲ್ಲೂದಿಲ್ಲ. ಚೀಲ ಬದಲಿ ಮಾಡೂಕ ಬೆಲ್ಟ್ ನಿಲ್ಲಿಸ್ತಾರ, ಸಿಕ್ಕ ತೊಟ್ಟು ಬಿಡಿಸೂಕ ಕೈಲೆ ಬೆಲ್ಟ್ ಒಂದೀಟು ಮುಂದ ಎಳೀತಾರ, ಅಲ್ಲೇ ಸ್ಕ್ರೀನ್ ಗಟ್ಟಿ. ಅಂದ್ರ ಲೋಡ್ ಇದ್ದಾಗ ಅಲ್ಲ, ಖಾಲಿ ಇದ್ದಾಗ.

ಸಾಧನಕೇರಿ

ಖಾಲಿ ಇದ್ದಾಗ ನಿಂತ್ರ ಪವರ್ ಅಲ್ಲ, ಬಿಸಿನೂ ಅಲ್ಲ. ನನ್ನ ವಾದ ಮುಗೀತು. ಈಗ ನನಗೂ ಕುತೂಹಲ ಹತ್ತೇತಿ.

ಉಣಕಲ್_ಕೆರೆ

ನೀವು ಬ್ಯಾಡಗಿಗೆ ಹೋಗಿ ಕಣ್ಣಾರೆ ನೋಡಿದ್ದು ಎಲ್ಲಾ ಟೂಲಿಗಿಂತ ದೊಡ್ಡ ಸುಳಿವು ಕೊಟ್ಟಿದೆ.

ನಿಮ್ಮ ವಾಚ್‌ಡಾಗ್ ಹತ್ತು ಸೆಕೆಂಡ್ ಅಂದ್ರಿ. ಕರ್ನೆಲ್ಲಿನ ಸ್ವಂತ ಕಾವಲುಗಾರರು ಅದಕ್ಕಿಂತ ನಿಧಾನದವರು. ಸಾಫ್ಟ್ ಲಾಕಪ್ ಡಿಟೆಕ್ಟರ್ ಬಾಯಿ ಬಿಡೋದು 20 ಸೆಕೆಂಡಿಗೆ, ಆರ್‌ಸಿಯು ಸ್ಟಾಲ್ (ಒಂದು ಕೋರು ಬಹಳ ಹೊತ್ತು ಸ್ಪಂದಿಸಿಲ್ಲ ಅನ್ನೋ ಎಚ್ಚರಿಕೆ) 21 ಸೆಕೆಂಡಿಗೆ, ಹಂಗ್ ಟಾಸ್ಕ್ 120ಕ್ಕೆ. ಇವು ಮೂಲ ಸೆಟ್ಟಿಂಗು. ಅವು ಮಾತಾಡೋ ಮೊದಲೇ ನಿಮ್ಮ ವಾಚ್‌ಡಾಗ್ ಬೋರ್ಡನ್ನ ಕೊಂದು ಹಾಕ್ತಿದೆ. ಮಶೀನು ಬೇಗ ಏಳಲಿ ಅಂತ ಹತ್ತು ಇಟ್ಟಿರ್ತಾರೆ, ಉದ್ದೇಶ ಒಳ್ಳೆಯದೇ, ಆದರೆ ಎಲ್ಲಾ ಸಾಕ್ಷಿ ಅಳಿಸಿಹೋಗ್ತದೆ. ಅದನ್ನ 60 ಮಾಡಿ. ಜೊತೆಗೆ ಆರ್‌ಸಿಯು ಸ್ಟಾಲ್ ಆದರೆ ಪ್ಯಾನಿಕ್ ಆಗು ಅನ್ನೋ ಸಿಸ್-ಕಂಟ್ರೋಲ್ ಆನ್ ಮಾಡಿ, ಆಗ ಅದೂ ಪಿ-ಸ್ಟೋರಿಗೆ ಬೀಳ್ತದೆ.

ಗೋಕುಲರೋಡ್_ಬೆಂಚ್

ಸಿಕ್ತು ನೋಡ್ರಿ! ಆರ್‌ಸಿಯು ಸ್ಟಾಲ್, ಸಿಪಿಯು 0. ಅದರ ಕೆಳಗ "ಸಿಪಿಯು 2ರಿಂದ ಸಿಪಿಯು 0ಗೆ ಎನ್‌ಎಂಐ ಕಳಸ್ತಿದ್ದೇವೆ" ಅನ್ನೋ ಅರ್ಥದ ಸಾಲು (ಎನ್‌ಎಂಐ ಅಂದ್ರ ತಡೀಲಿಕ್ಕಾಗದ ಇಂಟರಪ್ಟ್). ಅದರ ಮುಂದ ಸಿಪಿಯು 0ದ ಸ್ಟ್ಯಾಕ್ ಬರಬೇಕಿತ್ತು, ಬರಲೇ ಇಲ್ಲ. ನೇರ ಪ್ಯಾನಿಕ್, ಅದೂ ಸಿಪಿಯು 2ರ ಸ್ಟ್ಯಾಕ್. ಸಾಫ್ಟ್ ಲಾಕಪ್ ಅನ್ನೋದು ಎಲ್ಲೂ ಇಲ್ಲ.

ಉಣಕಲ್_ಕೆರೆ

ಸಾಫ್ಟ್ ಲಾಕಪ್ ಇಲ್ಲದ್ದೂ ಒಂದು ಉತ್ತರವೇ. ಆ ಡಿಟೆಕ್ಟರ್ ಓಡೋದು ಅದೇ ಕೋರಿನ ಟೈಮರ್ ಇಂಟರಪ್ಟ್ ಮೇಲೆ. ಆರ್‌ಸಿಯು ಮಾತ್ರ ಬೇರೆ ಕೋರಿನಿಂದ ನೋಡಿ ಹೇಳ್ತದೆ. ಸಿಪಿಯು 0 ಟೈಮರನ್ನೂ ತಗೊಂಡಿಲ್ಲ, ಪಕ್ಕದ ಕೋರು ಕರೆದರೂ ಓಗೊಟ್ಟಿಲ್ಲ. 32 ಬಿಟ್ ಆರ್ಮ್‌ನಲ್ಲಿ ಆ ಎನ್‌ಎಂಐ ಅನ್ನೋದು ಹೆಸರಿಗೆ ಮಾತ್ರ, ಸಾಮಾನ್ಯವಾಗಿ ಅದು ತಡೆಯಬಹುದಾದ ಮಾಮೂಲಿ ಐಪಿಐ (ಕೋರಿನಿಂದ ಕೋರಿಗೆ ಹೋಗೋ ಇಂಟರಪ್ಟ್). ಹಾಗಾಗಿ ಎರಡು ಸಾಧ್ಯತೆ: ಇಂಟರಪ್ಟ್ ಬಂದ್ ಮಾಡಿ ಸುತ್ತುತ್ತಾ ಇದೆ, ಇಲ್ಲಾ ಬಸ್ ಮೇಲೆ ಸಿಕ್ಕಿಕೊಂಡಿದೆ. ಬೆಲ್ಟ್ ನಿಂತಾಗ ಮಾತ್ರ ಆಗ್ತದೆ ಅಂದ್ರಲ್ಲ, ನನ್ನ ಮನಸ್ಸು ಎರಡನೇ ಕಡೆ. ಡ್ರೈವರಿನಲ್ಲಿ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಇದೆಯಾ?

ಗೋಕುಲರೋಡ್_ಬೆಂಚ್

ಅದ ರೀ. ಎರಡು ಸೆಕೆಂಡ್ ಕೆಲಸ ಇಲ್ಲಂದ್ರ ಆಟೋ ಸಸ್ಪೆಂಡ್. ಅದರಾಗ ಎಫ್‌ಪಿಜಿಎ ಕಡೆ ಹೋಗೋ ಬಸ್ಸಿನ ಕ್ಲಾಕ್ ಬಂದ್ ಮಾಡ್ತಾರ.

ಉಣಕಲ್_ಕೆರೆ

ಹಾಗಾದರೆ ಕೋಡ್ ಮುಟ್ಟದೇ ಒಂದು ಪರೀಕ್ಷೆ ಮಾಡಬಹುದು. ಸಿಸ್-ಎಫ್‌ಎಸ್‌ನಲ್ಲಿ ಆ ಡಿವೈಸಿನ ಪವರ್ ಡೈರೆಕ್ಟರಿಯ ಕಂಟ್ರೋಲ್ ಫೈಲಿಗೆ ಆನ್ ಅಂತ ಬರೆಯಿರಿ. ರನ್‌ಟೈಮ್ ಸಸ್ಪೆಂಡ್ ನಿಂತುಹೋಗ್ತದೆ. ಪೇಟೆ ದಿನಗಳಲ್ಲಿ ಹಾಗೇ ಓಡಿಸಿ ನೋಡಿ.

ಜೊತೆಗೆ ಗುರುತು ಬಿಡೋ ಏರ್ಪಾಟು ಮಾಡಿ. ಚಿಪ್ಪಿನೊಳಗಿನ ಸಣ್ಣ ರ್‍ಯಾಮ್‌ನಲ್ಲಿ ರೀಸೆಟ್ ದಾಟಿ ಉಳಿಯೋ ಒಂದೆರಡು ವರ್ಡಿನ ಜಾಗ ಆರಿಸಿಕೊಳ್ಳಿ. ಪ್ರತಿ ರಿಜಿಸ್ಟರ್ ಮುಟ್ಟೋ ಮೊದಲು ಅಲ್ಲಿ ಒಂದು ಸಂಖ್ಯೆ ಬರೆಯಿರಿ, ಹಿಂದಿನ ಸಂಖ್ಯೆಯನ್ನ ಪಕ್ಕದಲ್ಲಿ ಉಳಿಸಿ. ಆ ಜಾಗವನ್ನ ಐಒ-ರೀಮ್ಯಾಪ್ (ಕ್ಯಾಶ್ ಆಗದಂತೆ ಮ್ಯಾಪ್) ಮಾಡಿರಬೇಕು, ಇಲ್ಲದಿದ್ದರೆ ಸಂಖ್ಯೆ ಕ್ಯಾಶ್‌ನಲ್ಲೇ ಕೂತಿದ್ದು ರೀಸೆಟ್‌ನಲ್ಲಿ ಹೋಗ್ತದೆ. ಬರೆದ ಕೂಡಲೇ ತಿರುಗಿ ಓದಿ, ಆಗ ಅದು ನಿಜಕ್ಕೂ ತಲುಪಿದೆ ಅಂತ ಖಾತ್ರಿ. ಇನ್ನೊಂದು ಎಚ್ಚರ: ಡಿವೈಸಿಗೆ ಮಾಡೋ ರೈಟ್ ಸಾಮಾನ್ಯವಾಗಿ ಪೋಸ್ಟೆಡ್, ಸಿಪಿಯು ಕಾಯದೇ ಮುಂದೆ ಹೋಗ್ತದೆ. ಸಿಕ್ಕಿಕೊಂಡಿದ್ದು ಒಂದು ರೀಡ್ ಮೇಲೆ ಅಂತ ಕಂಡರೂ, ಕೆಡಿಸಿದ್ದು ಅದಕ್ಕಿಂತ ಮೇಲಿನ ರೈಟ್ ಆಗಿರಬಹುದು.

ಮಾಳಮಡ್ಡಿ_ಓದುಗ

ಕಾಲೇಜಿನ್ಯಾಗ ಡ್ರೈವರ್ ಕಲ್ಯಾಕತ್ತೇನಿ, ಮೂಲಭೂತ ಪ್ರಶ್ನೆ ಇದ್ರ ಕ್ಷಮಿಸ್ರಿ. ನಮ್ಮ ಲ್ಯಾಬಿನ ಪಿಸಿಯೊಳಗ ಪಿಸಿಐಇ ಕಾರ್ಡ್ ಬಂದ್ ಆದಾಗ ರಿಜಿಸ್ಟರ್ ಓದಿದ್ರ ಎಲ್ಲಾ ಎಫ್ ಎಫ್ ಎಫ್ ಎಫ್ ಬರ್ತದ, ಸಿಸ್ಟಮ್ ನಿಲ್ಲೂದಿಲ್ಲ. ಇಲ್ಲಿ ಯಾಕ ನಿಲ್ತದ?

ಉಣಕಲ್_ಕೆರೆ

ಒಳ್ಳೆಯ ಪ್ರಶ್ನೆ, ಕ್ಷಮೆ ಯಾಕೆ. ಪಿಸಿಐಇನಲ್ಲಿ ಓದಿಗೆ ಉತ್ತರ ಬರದಿದ್ದರೆ ಕಂಪ್ಲೀಷನ್ ಟೈಮ್‌ಔಟ್ ಅಂತ ಇದೆ. ಅದು ಮುಗಿದಾಗ ಪಿಸಿಯ ರೂಟ್ ಕಾಂಪ್ಲೆಕ್ಸ್ ಸಿಪಿಯು ಕೈಗೆ ಎಲ್ಲಾ ಒಂದುಗಳನ್ನ (ನೀವು ಕಂಡ ಎಫ್‌ಗಳು ಅವೇ) ಕೊಟ್ಟು ಕಳಿಸ್ತದೆ. ಚಿಪ್ಪಿನೊಳಗಿನ ಬಸ್ಸುಗಳಲ್ಲಿ ಅಂಥ ಟೈಮ್‌ಔಟ್ ಇರಲೇಬೇಕು ಅಂತಿಲ್ಲ. ಕೆಲವು ಚಿಪ್ಪಿನಲ್ಲಿ ಕ್ಲಾಕ್ ಇಲ್ಲದ ಬ್ಲಾಕ್ ಮುಟ್ಟಿದರೆ ಎಕ್ಸ್‌ಟರ್ನಲ್ ಅಬಾರ್ಟ್ ಬಂದು ಊಪ್ಸ್ ಆಗ್ತದೆ, ಅವರು ಪುಣ್ಯವಂತರು. ಕೆಲವದರಲ್ಲಿ ಸುಮ್ಮನೆ ನಿಲ್ತದೆ.

ನಿಮ್ಮ ಪಿಸಿಯಲ್ಲೂ ಅಪಾಯ ಇಲ್ಲ ಅನ್ಕೋಬೇಡಿ. ಬಿಝಿ ಬಿಟ್ ಸೊನ್ನೆ ಆಗೋವರೆಗೂ ಕಾಯೋ ಲೂಪ್ ಬರೆದಿದ್ದರೆ, ಕಾರ್ಡ್ ಸತ್ತಾಗ ಆ ಬಿಟ್ ಯಾವಾಗಲೂ ಒಂದೇ. ಲೂಪ್ ಮುಗಿಯೋದೇ ಇಲ್ಲ. ಅದು ಸ್ಪಿನ್‌ಲಾಕ್ ಒಳಗಿದ್ದರೆ ನಿಮ್ಮದೂ ಸದ್ದಿಲ್ಲದ ಹ್ಯಾಂಗೇ. ಟೈಮ್‌ಔಟ್ ಇಲ್ಲದ ಪೋಲಿಂಗ್ ಲೂಪ್ ಬರೆಯಲೇಬೇಡಿ, ರೀಡ್-ಎಲ್ ಪೋಲ್ ಟೈಮ್‌ಔಟ್ ಮ್ಯಾಕ್ರೋ ಇರೋದು ಅದಕ್ಕೇ.

ಗೋಕುಲರೋಡ್_ಬೆಂಚ್

ಎರಡೂ ಆದವು. ಕಂಟ್ರೋಲ್ ಫೈಲಿಗೆ ಆನ್ ಬರದು ಬಿಟ್ಟ ಮಶೀನ್ ಪೇಟೆ ದಿನಾನೂ ನಿಲ್ಲಲಿಲ್ಲ. ಗುರುತು ಹಾಕಿದ ಇನ್ನೊಂದು ಬೋರ್ಡ್ ನಿಂತ ಮ್ಯಾಲೆ ಓದಿದೆ: ಕೊನೇ ಸಂಖ್ಯೆ ಇಂಟರಪ್ಟ್ ಹ್ಯಾಂಡ್ಲರಿನ ಮೊದಲನೇ ಸಾಲಿಂದು, ಸ್ಟೇಟಸ್ ರಿಜಿಸ್ಟರ್ ರೀಡ್. ಅದರ ಹಿಂದಿನದು ಸಸ್ಪೆಂಡ್ ಕಾಲ್‌ಬ್ಯಾಕ್ ಮುಗಿದದ್ದು.

ಈಗ ಎಲ್ಲಾ ಕೂಡ್ತದ. ಎಫ್‌ಪಿಜಿಎಗೆ ತನ್ನದೇ ಕ್ಲಾಕ್ ಅದ, ಬಸ್ಸಿನ ಕ್ಲಾಕ್ ನಿಂತ್ರೂ ಅದು ಎಚ್ಚರ ಇರ್ತದ. ಬೆಲ್ಟ್ ನಿಂತು ಎರಡು ಸೆಕೆಂಡಿಗೆ ಡ್ರೈವರ್ ಮಲಗ್ತದ. ಹಮಾಲರು ಕೈಲೆ ಬೆಲ್ಟ್ ಎಳದ್ರ ಎನ್‌ಕೋಡರ್ ಪಲ್ಸ್, ಎಫ್‌ಪಿಜಿಎ ಇಂಟರಪ್ಟ್ ಎಬ್ಬಿಸ್ತದ, ಹ್ಯಾಂಡ್ಲರ್ ಹೋಗಿ ಸತ್ತ ಬಸ್ ಮ್ಯಾಲೆ ಓದ್ತದ. ನಮ್ಮ ಬೆಂಚ್‌ನಾಗ ಎನ್‌ಕೋಡರ್ ಬದಲಿ ಫಂಕ್ಷನ್ ಜನರೇಟರ್ ಹಚ್ಚೇವಿ. ಅದು ನಿಲ್ಲೂದೇ ಇಲ್ಲ, ಹಿಂಗಾಗಿ ಡ್ರೈವರ್ ಒಮ್ಮೆನೂ ಮಲಗಿಲ್ಲ.

ಬೆಟಗೇರಿ_ಹುಡುಗ

ಹಂಗಾದ್ರ ಹ್ಯಾಂಡ್ಲರ್ ಮೊದಲಿಗೇ ಸಸ್ಪೆಂಡ್ ಆಗೈತೇನು ಅಂತ ನೋಡಿ, ಆಗಿದ್ರ ನನ್ನದಲ್ಲ ಅಂತ ಐಆರ್‌ಕ್ಯೂ ನನ್ ವಾಪಸ್ ಕೊಟ್ರ ಮುಗೀತಲ್ಲ?

ಉಣಕಲ್_ಕೆರೆ

ನಿಮ್ಮ ಲೈನು ಲೆವೆಲ್ ಟ್ರಿಗರ್ ಆಗಿದ್ದರೆ ಬೇಡ. ಎಫ್‌ಪಿಜಿಎ ಲೈನನ್ನ ಎತ್ತಿ ಹಿಡಿದೇ ಇರ್ತದೆ, ಹ್ಯಾಂಡ್ಲರ್ ಬಿಟ್ಟ ಕೂಡಲೇ ಮತ್ತೆ ಬರ್ತದೆ. ಒಂದು ಲಕ್ಷ ಇಂಟರಪ್ಟಿನಲ್ಲಿ 99,900ಕ್ಕಿಂತ ಹೆಚ್ಚು ಯಾರದೂ ಅಲ್ಲ ಅಂತಾದರೆ ಕರ್ನೆಲ್ "ಯಾರೂ ಕೇಳೋರಿಲ್ಲ" ಅನ್ನೋ ಸಂದೇಶ ಹಾಕಿ ಆ ಲೈನನ್ನೇ ಬಂದ್ ಮಾಡ್ತದೆ. ಬೋರ್ಡ್ ಬದುಕ್ತದೆ, ಬೆಲ್ಟ್ ಸಾಯ್ತದೆ. ಅದನ್ನ ತಪ್ಪಿಸೋಕೆ ಐಆರ್‌ಕ್ಯೂ ಹ್ಯಾಂಡಲ್ಡ್ ಅಂತ ಸುಳ್ಳು ಹೇಳಿದರೆ ಇನ್ನೂ ಕೆಟ್ಟದ್ದು: ಆ ರಕ್ಷಣೆಯೂ ಹೋಗಿ ಸುರಿಮಳೆ ನಿಲ್ಲದೇ ಹರೀತದೆ.

ಥ್ರೆಡೆಡ್ ಇಂಟರಪ್ಟ್ ಮಾಡಿ, ಒನ್‌ಶಾಟ್ ಫ್ಲ್ಯಾಗ್ ಜೊತೆ. ಮೇಲಿನ ಹ್ಯಾಂಡ್ಲರ್ ರಿಜಿಸ್ಟರ್ ಮುಟ್ಟದೇ ಥ್ರೆಡ್ಡನ್ನ ಎಬ್ಬಿಸಲಿ, ಥ್ರೆಡ್ ಮುಗಿಯೋವರೆಗೂ ಲೈನು ಮಾಸ್ಕ್ ಆಗಿರ್ತದೆ. ಥ್ರೆಡ್ಡಿನಲ್ಲಿ ಮೊದಲು ಪಿಎಂ ರನ್‌ಟೈಮ್ ರೆಸ್ಯೂಮ್-ಅಂಡ್-ಗೆಟ್, ಅದು ಸೋತರೆ ರಿಜಿಸ್ಟರ್ ಮುಟ್ಟದೇ ಎರರ್ ಹಾಕಿ ಲೈನನ್ನ ಮಾಸ್ಕ್ ಮಾಡಿ ಹೊರಗೆ ಬನ್ನಿ, ಗೆದ್ದರೆ ಓದಿ, ಕೊನೆಗೆ ಪುಟ್-ಆಟೋಸಸ್ಪೆಂಡ್. ಗೆಟ್ ಹಿಡಿದಿರೋವರೆಗೂ ಸಸ್ಪೆಂಡ್ ನಡುವೆ ನುಗ್ಗೋದಿಲ್ಲ. ವಾಲ್ವ್ ಟೈಮಿಂಗ್ ಎಫ್‌ಪಿಜಿಎ ಒಳಗೇ ಇದೆ ಅಂದ್ರಿ, ಹಾಗಾಗಿ ಥ್ರೆಡ್ ಒಂದಿಷ್ಟು ತಡ ಆದರೂ ಕಾಯಿ ತಪ್ಪೋದಿಲ್ಲ.

ಹಾಗೇ ರಿಮೂವ್ ಫಂಕ್ಷನ್ನೂ (ಡ್ರೈವರ್ ಕಳಚುವಾಗ ಓಡೋದು) ತೆರೆದು ನೋಡಿ. ಡೆವ್-ಎಂ ರಿಕ್ವೆಸ್ಟ್ ಐಆರ್‌ಕ್ಯೂ ಬಳಸಿದ್ದರೆ, ಇಂಟರಪ್ಟ್ ಬಿಡುಗಡೆ ಆಗೋದು ರಿಮೂವ್ ಮುಗಿದ ಮೇಲೆ. ರಿಮೂವ್ ಒಳಗೆ ಕ್ಲಾಕ್ ಬಂದ್ ಮಾಡಿದ್ದರೆ ಅಲ್ಲೂ ಇದೇ ಹಳ್ಳ ಇದೆ.

ಗೋಕುಲರೋಡ್_ಬೆಂಚ್

ನೋಡಿದೆ, ಅಲ್ಲೂ ಹಂಗ ಇತ್ತು. ಈಗ ರಿಮೂವ್‌ನಾಗ ಮೊದಲ ಎಫ್‌ಪಿಜಿಎ ಕಡೆಯ ಇಂಟರಪ್ಟ್ ಮಾಸ್ಕ್ ಮಾಡಿ, ಫ್ರೀ ಐಆರ್‌ಕ್ಯೂ ನಾವೇ ಕರದು, ಆಮ್ಯಾಲೆ ಕ್ಲಾಕ್ ಬಂದ್ ಮಾಡ್ತೀವಿ. ಥ್ರೆಡೆಡ್ ಹ್ಯಾಂಡ್ಲರ್ ಹಾಕಿದ ಬೋರ್ಡನ್ನ ಬೆಂಚ್ ಮ್ಯಾಲೆ ಫಂಕ್ಷನ್ ಜನರೇಟರ್ ಬರ್ಸ್ಟ್ ಮೋಡ್‌ನಾಗ ಇಟ್ಟು ಓಡಸಾಕತ್ತೇವಿ: ಮೂರು ಸೆಕೆಂಡ್ ಸುಮ್ಮ, ಆಮ್ಯಾಲೆ ನಾಲ್ಕೈದು ಪಲ್ಸ್, ಹೊಳ್ಳಿ ಸುಮ್ಮ. ಹಳೇ ಡ್ರೈವರ್ ಈ ಪರೀಕ್ಷೆಗೆ ಬೆಂಚ್ ಮ್ಯಾಲೇ ಕೂಡ್ಲೇ ನಿಂತು ಬಿಡ್ತದ, ಹೊಸಾದು ನಿಲ್ಲೂದಿಲ್ಲ. ಅದೇ ಡ್ರೈವರ್ ಹಾಕಿದ ಬೋರ್ಡ್ ಬ್ಯಾಡಗಿಗೂ ಹೋಗೇದ, ಚೀಲ ಬದಲಿ ಮಾಡುವಾಗ ಬೆಲ್ಟ್ ಎಳದ್ರೂ ಓಡ್ತದ.

ವಾಚ್‌ಡಾಗ್ ಹೊಳ್ಳಿ ಹತ್ತಕ್ಕ ಇಳಸ್ರಿ ಅಂತ ಮಾಲೀಕರು ಹೇಳ್ಯಾರ. 30 ಇಟ್ಟೇನಿ. ರಾಮ್-ಊಪ್ಸ್ ಪ್ರಾಡಕ್ಟ್ ಇಮೇಜಿನ್ಯಾಗ ಇರ್ತದ, ತಗಿಯೂದಿಲ್ಲ.

ಉಣಕಲ್_ಕೆರೆ

30 ಸಾಕು, 21ರ ಸಂದೇಶ ಪಿ-ಸ್ಟೋರಿಗೆ ಇಳಿಯೋಕೆ ಸಮಯ ಸಿಗ್ತದೆ. ಬರ್ಸ್ಟ್ ಪರೀಕ್ಷೆಯನ್ನ ಪ್ರತಿ ರಿಲೀಸಿಗೂ ಓಡೋ ಪಟ್ಟಿಗೆ ಸೇರಿಸಿ, ಸಾಧ್ಯ ಆದರೆ ಆ ಸ್ಕ್ರಿಪ್ಟ್ ಇಲ್ಲೇ ಹಾಕಿ. ಬೆಟಗೇರಿಯವರ ಬೋರ್ಡಿಗೂ ಉಪಯೋಗಕ್ಕೆ ಬರ್ತದೆ.

ಬೆಟಗೇರಿ_ಹುಡುಗ

ಹೌದ್ರಿ, ಹಾಕ್ರಿ. ಗಾಳಿ ಬಿದ್ದು ಎದ್ದಾಗ ನಮ್ಮ ಕೌಂಟರ್ ಡ್ರೈವರೂ ಹಿಂಗ ಮಲಗಿ ಏಳ್ತೈತಿ.